ಜರ್ಮೇನಿಯಂನ ಚಕ್ಕುಬಂದಿ

ತಿ. ನರಸೀಪುರದ ಕಾಲೇಜಿನಲ್ಲಿ ಆರು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ರೋಜಾಗೆ ಆ 'ಅತಿಥಿ' ಎಂಬ ಮಾತೇ ಸಾಕುಸಾಕಾಗಿತ್ತು. ಆರು ವರ್ಷ ಕೂರುವ ಅತಿಥಿಯನ್ನು ಯಾರ ಮನೆಯಲ್ಲಾದರೂ ಕಂಡವರುಂಟೇ? ಈಗ ನಂಜನಗೂಡಿನ ಖಾಸಗಿ ಕಾಲೇಜೊಂದರಲ್ಲಿ ಕಾಯಂ ಹುದ್ದೆ ಖಾಲಿಯಿತ್ತು. ಸೋಮವಾರ ಅಲ್ಲಿ ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಒಪ್ಪಿದರೆ ಕೆಲಸ.

ಅವಳು ಆರಿಸಿಕೊಂಡದ್ದು ಆವರ್ತ ಕೋಷ್ಟಕ. ಅದನ್ನು ರಚಿಸಿದ ಮೆಂಡೆಲೀವ್ ಇನ್ನೂ ಸಿಗದ ಧಾತುವಿಗೆ ಅದರಲ್ಲಿ ಒಂದು ಮನೆ ಖಾಲಿ ಬಿಟ್ಟ. ಮೇಲಿನ ಮನೆಯ ಹೆಸರಿಗೆ ನಮ್ಮ 'ಏಕ' ಸೇರಿಸಿ 'ಏಕ-ಸಿಲಿಕಾನ್' ಎಂದು ಕರೆದ. ಅದರ ತೂಕವನ್ನೂ ಮುಂಚೆಯೇ ಹೇಳಿದ. ಮುಂದೆ ಸಿಕ್ಕಾಗ ಅದು ಜರ್ಮೇನಿಯಂ ಆಯಿತು. ಇಷ್ಟನ್ನೂ ಭಾನುವಾರ ಅಪ್ಪನಿಗೆ ಒಪ್ಪಿಸಿದಳು. ಅಪ್ಪ ಮಾರಯ್ಯ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಮೇಜು ಹಾಕಿಕೊಂಡು ಮೂವತ್ತೆಂಟು ವರ್ಷದಿಂದ ಜಮೀನಿನ ಪತ್ರ ಬರೆಯುವವರು.

"ಇದು ಚಕ್ಕುಬಂದಿ ಕಣವ್ವ," ಎಂದರು. "ಜಮೀನು ನೋಡ್ದೇನೇ ನಾನು ಪತ್ರ ಬರೀತೀನಲ್ಲ, ಎಂಗೆ? ನಾಕು ದಿಕ್ಕಿಗೂ ಯಾರ್ಯಾರವ್ರೆ ಅಂತ ಕೇಳ್ತೀನಿ. ನೆರೆಯೋರು ಗೊತ್ತಾದ್ರೆ ನಡುವಿಂದು ಎಲ್ಲಿಗೋದದು?"

ರೋಜಾಗೆ ಕುಣಿಯುವಷ್ಟು ಖುಷಿಯಾಯಿತು.

ಸೋಮವಾರ ಬೋರ್ಡಿನ ಮೇಲೆ ಖಾಲಿ ಮನೆ ಬರೆದು, ಮೆಂಡೆಲೀವ್ ಹೀಗೇ ಲೆಕ್ಕ ಹಾಕಿದ್ದು ಎಂದು ಚಕ್ಕುಬಂದಿ ಹಾಕಿದಳು. ಉತ್ತರಕ್ಕೆ ಸಿಲಿಕಾನ್, ದಕ್ಷಿಣಕ್ಕೆ ತವರ, ಪೂರ್ವಕ್ಕೆ ಆರ್ಸೆನಿಕ್, ಪಶ್ಚಿಮಕ್ಕೆ ಗ್ಯಾಲಿಯಂ. ನಾಲ್ಕರ ತೂಕ ಕೂಡಿ ನಾಲ್ಕರಿಂದ ಭಾಗಿಸಿದ ಮಕ್ಕಳಿಗೆ ಸಿಕ್ಕಿದ್ದು 72.9. ನಿಜವಾದ ತೂಕ 72.6 ಎಂದಾಗ ಹಿಂದಿನ ಬೆಂಚಿನವರೂ ಚಪ್ಪಾಳೆ ತಟ್ಟಿದರು.

ಪರೀಕ್ಷಿಸಲು ಕೂತಿದ್ದ ನಿವೃತ್ತ ಪ್ರೊಫೆಸರ್ ಶಂಭುಲಿಂಗಪ್ಪ ಕೈ ಎತ್ತಿದರು. "ಅಲ್ಲಮ್ಮ, ಮೆಂಡೆಲೀವ್ ಈ ಲೆಕ್ಕ ಹೇಳಿದಾಗ ಗ್ಯಾಲಿಯಂ ಸಿಕ್ಕಿತ್ತೇನು?"

ರೋಜಾಗೆ ಆಗ ಹೊಳೆಯಿತು. ಗ್ಯಾಲಿಯಂ ಸಿಕ್ಕಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಆಗ ಆ ಮನೆಯೂ ಖಾಲಿಯೇ. 'ಸುಲಭವಾಗಲಿ ಅಂತ ಈಗಿನ ಅಂಕಿ ಹಾಕಿದೆ ಸರ್' ಎಂದಿದ್ದರೆ ಮುಗಿಯುತ್ತಿತ್ತು. ಜಾಣರು ಹಾಗೇ ಅನ್ನುತ್ತಾರೆ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮಕ್ಕಳೆಲ್ಲ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದರು.

"ಸಿಕ್ಕಿರಲಿಲ್ಲ ಸರ್," ಎಂದಳು. ಮಕ್ಕಳ ಕಡೆ ತಿರುಗಿ, "ತಪ್ಪು ಹೇಳ್ಕೊಟ್ಟೆ. ಅಷ್ಟನ್ನೂ ಹೊಡೆದುಹಾಕಿ. ಪಶ್ಚಿಮದ್ದು ಇಲ್ಲ ಅಂದ್ರೆ ಪೂರ್ವದ್ದೂ ಲೆಕ್ಕಕ್ಕೆ ಬರಲ್ಲ. ಮೇಲಿಂದು ಕೆಳಗಿಂದು ಎರಡೇ ತಗೊಂಡು ಮಾಡಿ," ಎಂದಳು. 73.4 ಬಂತು. ಮೊದಲಿನಷ್ಟು ಹತ್ತಿರವಿರಲಿಲ್ಲ, ಚಪ್ಪಾಳೆಯೂ ಬರಲಿಲ್ಲ.

ಪುಸ್ತಕದಲ್ಲಿದ್ದುದನ್ನು ಇದ್ದ ಹಾಗೇ ಓದಿ ಹೇಳಿದ್ದ ಹೇಮಂತ್ ಎಂಬ ಇನ್ನೊಬ್ಬ ಅಭ್ಯರ್ಥಿಗೆ ಕೆಲಸವಾಯಿತು. ಮಕ್ಕಳೆದುರು ತಪ್ಪು ಒಪ್ಪಿಕೊಂಡರೆ ಶಿಸ್ತು ಉಳಿಯುವುದಿಲ್ಲ ಎಂದು ಪ್ರಿನ್ಸಿಪಾಲರು ನಯವಾಗಿಯೇ ತಿಳಿಸಿದರು.

ಬಸ್ಸಿಳಿದವಳು ನೇರ ಅಪ್ಪನ ಮೇಜಿನ ಹತ್ತಿರ ಹೋಗಿ ಎಲ್ಲ ಹೇಳಿದಳು. ಮಾರಯ್ಯ ಕನ್ನಡಕ ತೆಗೆದಿಟ್ಟರು.

"ತಪ್ಪು ನಂದು ಕಣವ್ವ. ಪಡುವಲ ಮನೇಲಿ ಆಗ ಯಾರಿದ್ರು ಅಂತ ನಾನು ಕೇಳ್ನೇ ಇಲ್ವಲ್ಲ."

ಅಲ್ಲಿ ಕಣ್ಣಲ್ಲಿ ನೀರು ತಾರದವಳು ಇಲ್ಲಿ ಕಚೇರಿ ಜನರೆದುರೇ ಅತ್ತುಬಿಟ್ಟಳು. "ಸುಮ್ನೆ ಇದ್ಬುಟ್ಟಿದ್ರೆ ಆಗ್ತಿತ್ತಪ್ಪ."

"ಆಗ್ತಿತ್ತು. ತಿದ್ದದೇ ಬುಟ್ಟ ಪತ್ರ ಅವತ್ತೇನೂ ಮಾಡಲ್ಲ. ಮಕ್ಕಳ ಕಾಲಕ್ಕೆ ಕೋರ್ಟಿಗೆ ಓಯ್ತದೆ. ಎಷ್ಟು ಜನ ಇದ್ರವ್ವ ಕ್ಲಾಸಲ್ಲಿ?"

"ನಲವತ್ತು."

"ನಲವತ್ತು ಜನಕ್ಕೂ ಸರಿಯಾಗಿ ಬರ್ಕೊಟ್ಟು ಬಂದಿದ್ದೀಯ, ಬುಡು," ಎಂದರು ಮಾರಯ್ಯ.