ಹತ್ತರಲ್ಲಿ ನಾಲ್ಕು

ನಮ್ಮ ಮನೆ ಮುಂದಿನ ಕಾಲುದಾರಿಯಲ್ಲಿ ಒಂದು ಚಪ್ಪಡಿ ಕಲ್ಲು ಎರಡು ವರ್ಷದಿಂದ ಒಂದು ಮಗ್ಗುಲಿಗೆ ಎದ್ದು ನಿಂತಿತ್ತು. ಪುರಸಭೆಗೆ ನಾನು ಆರು ಪತ್ರ ಬರೆದೆ. ಆರನೆಯದಕ್ಕೆ ಒಬ್ಬ ಬಂದು ಕಲ್ಲಿನ ಸುತ್ತ ಹಳದಿ ಬಣ್ಣದಲ್ಲಿ ಚೌಕ ಬರೆದು ಹೋದ. ಅದನ್ನೇ ರಿಪೇರಿ ಎಂದುಕೊಂಡರೋ ಏನೋ, ಆಮೇಲೆ ಒಬ್ಬರೂ ಇತ್ತ ತಲೆ ಹಾಕಲಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಬೆಳಗ್ಗೆ ಒಂಬತ್ತಕ್ಕೆ ನನ್ನ ಗಂಡ ಕ್ಲಿಫ್ ಕಸದ ಡಬ್ಬಿ ಎಳೆದುಕೊಂಡು ಹೋಗುತ್ತಾ ಅದೇ ಕಲ್ಲಿಗೆ ಎಡವಿ ಬಿದ್ದ. ಅವನಿಗೆ ಎಪ್ಪತ್ತೆಂಟು. ನಾನು ಓಡಿ ಬರುವಷ್ಟರಲ್ಲಿ ಬಲಗಾಲು ಗಿಡ್ಡವಾದಂತೆ ಕಾಣುತ್ತಿತ್ತು, ಪಾದ ಹೊರಕ್ಕೆ ತಿರುಗಿತ್ತು. ಸೊಂಟದ ಮೂಳೆ ಮುರಿದಿದೆ ಎನ್ನಲು ಡಾಕ್ಟರೇ ಬೇಕಿರಲಿಲ್ಲ.

"ಒಂದ್ನಿಮಿಷ ಕೊಡು ಬ್ರೆಂಡಾ, ಸುಧಾರಿಸ್ಕೊಂಡು ಏಳ್ತೀನಿ" ಎಂದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಒಳ್ಳೆಯವಳೇ. ಉಸಿರಾಡುತ್ತಿದ್ದಾರಾ, ರಕ್ತ ಬರುತ್ತಿದೆಯಾ ಎಂದೆಲ್ಲ ಕೇಳಿ, ಕೊನೆಗೆ ಅವರ ಬಾಯಿಂದಲೇ ಕೇಳಬೇಕು, ಫೋನ್ ಕೊಡಿ ಎಂದಳು. ಅವನ ಕಿವಿಗೆ ಹಿಡಿದೆ.

"ನೋವು ಹತ್ತರಲ್ಲಿ ಎಷ್ಟಿದೆ ಸರ್?"

"ಅಂಥಾದ್ದೇನಿಲ್ಲ ಚಿನ್ನ. ಒಂದು ನಾಲ್ಕು ಅಂತ ಬರ್ಕೊಳ್ಳಿ. ನಿಮಗೆ ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇರ್ತಾರೆ."

ಕೆಲಸ ಅಲ್ಲಿಗೇ ಕೆಟ್ಟಿತು. ಐವತ್ತೊಂದು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೇನೆ. ಹಲ್ಲು ಕೀಳಿಸಿಕೊಂಡು ಬಂದರೂ ಪರವಾಗಿಲ್ಲ ಅನ್ನುತ್ತಾನೆ, ಅವನ ತಾಯಿ ಸತ್ತ ದಿನವೂ ಪರವಾಗಿಲ್ಲ ಅಂದ. ನಮ್ಮ ಊರಿನ ಗಂಡಸರೆಲ್ಲ ಹೀಗೇ. ಯಾರು ಹೇಗಿದ್ದೀರಿ ಎಂದು ಕೇಳಿದರೂ ಇದ್ದದ್ದು ಹೇಳುವುದು ಅಸಭ್ಯ ಎಂದುಕೊಂಡವರು. ಆ ಹುಡುಗಿಯ ಕಂಪ್ಯೂಟರಿಗೆ ನಮ್ಮ ಮರ್ಯಾದೆ ಹೇಗೆ ಅರ್ಥವಾಗಬೇಕು? ನಾಲ್ಕು ಎಂದರೆ ನಾಲ್ಕು. ಅಲುಗಾಡಿಸಬೇಡಿ, ಕುಡಿಯಲು ಏನೂ ಕೊಡಬೇಡಿ, ಬರುತ್ತಾರೆ ಎಂದು ಹೇಳಿ ಫೋನ್ ಇಟ್ಟಳು.

ಪಕ್ಕದ ಮನೆಯ ನಸ್ರೀನ್ ರಜಾಯಿ, ದಿಂಬು, ಎರಡು ಕೊಡೆ ತಂದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ವ್ಯವಹಾರ ಬಲ್ಲವಳು.

"ಎಷ್ಟು ಅಂದ್ರು ಅಂಕಲ್?"

"ನಾಲ್ಕು."

"ಅಯ್ಯೋ ಅಂಕಲ್. ನಾಲ್ಕು ಅಂದ್ರೆ ಸಂಜೆ ಚಹಾಕ್ಕೂ ಬರಲ್ಲ ಅವರು. ಎಂಟಕ್ಕಿಂತ ಕಮ್ಮಿ ಇದ್ರೆ ಕಣ್ಣೆತ್ತಿ ನೋಡಲ್ಲ."

"ಎಲ್ಲರೂ ಎಂಟು ಅಂದ್ರೆ ನಿಜವಾಗ್ಲೂ ಎಂಟು ಇರೋನ ಗತಿಯೇನಮ್ಮ?" ಎಂದ ಕ್ಲಿಫ್. ಮಲಗಿದಲ್ಲಿಂದಲೇ ನ್ಯಾಯ ಹೇಳುತ್ತಿದ್ದಾನೆ. ನನಗೆ ಮೈಯೆಲ್ಲ ಉರಿಯಿತು.

ಹನ್ನೊಂದಾಯಿತು, ಹನ್ನೆರಡಾಯಿತು. ಜಿಟಿಜಿಟಿ ಮಳೆ ಹಿಡಿಯಿತು. ನಾನೂ ನಸ್ರೀನೂ ಸರದಿಯ ಮೇಲೆ ಕೊಡೆ ಹಿಡಿದೆವು. ಮಗುವಿನ ಗಾಡಿ ತಳ್ಳಿಕೊಂಡು ಬಂದವರು ರಸ್ತೆಗಿಳಿದು ಸುತ್ತು ಹಾಕಿದಾಗಲೆಲ್ಲ ಇವನು "ಕ್ಷಮಿಸಿ, ದಾರಿಗೆ ಅಡ್ಡ ಆದೆ" ಎನ್ನುತ್ತಿದ್ದ. ಎರಡು ಸಲ ಆ ಹುಡುಗಿಯ ಕಡೆಯವರೇ ತಿರುಗಿ ಫೋನ್ ಮಾಡಿದರು. ಹೇಗಿದ್ದೀರಿ ಸರ್? ಹಾಗೇ ಇದೆ ಚಿನ್ನ. ಎರಡು ಸಲವೂ ನಾಲ್ಕೇ.

ಒಂದು ಗಂಟೆಗೆ ಹಿಲರಿ ಕ್ರಾಂಪ್ಟನ್ ಬಂದಳು. ಮೇ ತಿಂಗಳ ಪುರಸಭೆ ಚುನಾವಣೆಗೆ ನಿಂತವಳು. ಯಾವ ಪಕ್ಷವೆಂದು ನಾನು ಹೇಳುವುದಿಲ್ಲ. ಎಲ್ಲ ಪಕ್ಷದ ಕರಪತ್ರದಲ್ಲೂ ಇರುವುದು ಒಂದೇ ಚಿತ್ರ, ಒಬ್ಬರು ರಸ್ತೆಯ ಗುಂಡಿಗೆ ಬೆರಳು ತೋರಿಸಿ ಮುಖ ಗಂಟು ಹಾಕಿಕೊಂಡು ನಿಂತಿರುವುದು. ಅವಳು ಕ್ಲಿಫ್‌ನ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಎದ್ದು ನಿಂತು ಮಾತಾಡಿಸೋಕೆ ಆಗ್ತಿಲ್ಲ, ತಪ್ಪು ತಿಳ್ಕೋಬೇಡಿ" ಎಂದ ಇವನು.

"ಇದು ನಾಚಿಕೆಗೇಡು ಸರ್. ಇದಕ್ಕೇ ನಾನು ಚುನಾವಣೆಗೆ ನಿಂತಿರೋದು. ನಿಮ್ಮದೇನೂ ಅಭ್ಯಂತರ ಇಲ್ಲ ಅಂದ್ರೆ ಒಂದು ಫೋಟೋ ತೆಗೀಲಾ? ಆ ಕಲ್ಲಿನ ಜೊತೆ?"

ನನ್ನ ಗಂಡ, ಸೊಂಟ ಮುರಿದು ಮಳೆಯಲ್ಲಿ ಬಿದ್ದಿರುವ ನನ್ನ ಗಂಡ, ತಲೆಗೂದಲು ಸರಿಮಾಡಿಕೊಂಡು ನಗಲು ನೋಡಿದ. ನಾನು ಅವಳ ಕೈಗೆ ಕೊಡೆ ತುರುಕಿದೆ. "ಫೋಟೋ ಇರ್ಲಿ ತಾಯಿ, ಇದನ್ನ ಹಿಡ್ಕೊಂಡು ಅರ್ಧ ಗಂಟೆ ನಿಂತ್ಕೊ. ವೋಟು ಆಮೇಲೆ ನೋಡೋಣ." ಪಾಪ, ಇಪ್ಪತ್ತು ನಿಮಿಷ ನಿಂತಳು.

ಅದುವರೆಗೆ ಚಳಿಗೆ ನಡುಗುತ್ತಿದ್ದ ಕ್ಲಿಫ್ ಎರಡೂವರೆಗೆ ನಡುಗುವುದನ್ನು ನಿಲ್ಲಿಸಿದ. ಅದು ನನಗೆ ಹಿಡಿಸಲಿಲ್ಲ. ಕೈ ಮುಟ್ಟಿದರೆ ತಣ್ಣಗೆ. ಮಾತು ತೊದಲುತ್ತಿತ್ತು. ಐದೂವರೆ ತಾಸು ಆಗಿತ್ತು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ.

"ಉಸಿರು ಸರಿಯಾಗಿ ಬರ್ತಿಲ್ಲ. ತುಟಿ ನೀಲಿ ಆಗಿದೆ. ಎದೆ ಹಿಡ್ಕೊಂಡಿದ್ದಾನೆ."

ಉಸಿರು ಬರುತ್ತಿತ್ತು. ಎದೆ ಹಿಡಿದುಕೊಂಡಿರಲಿಲ್ಲ. ಬ್ರೆಡ್ ಅಂಗಡಿಯಲ್ಲೂ ಬಸ್ ನಿಲ್ದಾಣದಲ್ಲೂ ಎಪ್ಪತ್ತಾರು ವರ್ಷದಲ್ಲಿ ಒಂದು ದಿನ ಯಾರನ್ನೂ ದಾಟಿ ಮುಂದೆ ಹೋದವಳಲ್ಲ ನಾನು. ನಮ್ಮಲ್ಲಿ ಕುಡುಕನನ್ನು ಕ್ಷಮಿಸುತ್ತಾರೆ, ಕ್ಯೂ ಮುರಿದವರನ್ನು ಕ್ಷಮಿಸುವುದಿಲ್ಲ. ಗೊತ್ತಿದ್ದೇ ಹೇಳಿದೆ.

ಹನ್ನೆರಡು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಇಳಿದ ದಪ್ಪನೆಯ ಹೆಂಗಸು ಅವನ ತುಟಿ ನೋಡಿದಳು, ಎದೆಗೆ ತಂತಿ ಅಂಟಿಸಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬೈಯಲಿಲ್ಲ.

"ನಾವು ವೇರ್ ಸ್ಟ್ರೀಟಿಗೆ ಹೊರಟಿದ್ವಿ" ಎಂದಳು, ನೋವಿನ ಸೂಜಿ ಚುಚ್ಚುತ್ತಾ. "ಅರ್ಧ ದಾರೀಲಿ ತಿರುಗಿಸಿ ಇಲ್ಲಿಗೆ ಕಳಿಸಿದ್ರು. ಅಲ್ಲೊಬ್ಬರು ಅಜ್ಜಿ ಬೆಳಗ್ಗೆ ಆರರಿಂದ ಸ್ನಾನದ ಮನೇಲಿ ಬಿದ್ದಿದ್ದಾರೆ."

"ಹಾಗಾದ್ರೆ ಅಲ್ಲಿಗೆ ಹೋಗಿ ಅಮ್ಮ" ಎಂದ ಕ್ಲಿಫ್. "ನಾನು ಕಾಯ್ತೀನಿ."

"ಹಾಗೆಲ್ಲ ಬಿಟ್ಟು ಹೋಗೋ ಹಾಗಿಲ್ಲ ಸರ್."

ಗಾಡಿ ಹೊರಟ ಮೇಲೆ ಅವನು ನನ್ನನ್ನು ಕೇಳಿದ, "ಏನು ಹೇಳ್ದೆ ಅವರಿಗೆ?" ಹೇಳಿದೆ. ಅವನು ನನ್ನ ಕೈಯೊಳಗಿದ್ದ ತನ್ನ ಕೈಯನ್ನು ಮೆಲ್ಲಗೆ ಎಳೆದುಕೊಂಡು ರಜಾಯಿಯೊಳಗೆ ಇಟ್ಟುಕೊಂಡ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಸ್ಪತ್ರೆ ತಲುಪಿದೆವು. ಅಂಗಳದಲ್ಲಿ ನಮಗಿಂತ ಮುಂದೆ ಒಂಬತ್ತು ಆಂಬುಲೆನ್ಸ್ ಸಾಲಾಗಿ ನಿಂತಿದ್ದವು. ಒಳಗೆ ಹಾಸಿಗೆ ಖಾಲಿ ಇಲ್ಲ. ವಾಸಿಯಾದವರನ್ನು ಮನೆಗೆ ಕಳಿಸಲು ಅಲ್ಲಿ ನೋಡಿಕೊಳ್ಳುವವರು ಸಿಗುತ್ತಿಲ್ಲ. ಹಾಸಿಗೆ ಖಾಲಿಯಾಗುವವರೆಗೆ ಗಾಡಿಯಲ್ಲೇ ಕಾಯಬೇಕು, ಆ ಹೆಂಗಸೂ ನಮ್ಮ ಜೊತೆಗೇ ಕಾಯಬೇಕು. ನಾನು ಸುಳ್ಳು ಹೇಳಿ ದಾಟಿ ಬಂದದ್ದು ಇನ್ನೊಂದು ಕ್ಯೂವಿನ ಬಾಲಕ್ಕೆ.

ನಾಲ್ಕು ಗಂಟೆಗೆ ಗಾಡಿಯ ರೇಡಿಯೋ ಕರೆಯಿತು. ವೇರ್ ಸ್ಟ್ರೀಟಿಗೆ ಇನ್ನೂ ಯಾರೂ ಹೋಗಿಲ್ಲ, ನೀವು ಬಿಡುವಾಗಿದ್ದೀರಾ? ಇಲ್ಲ ಎಂದಳು ಆ ಹೆಂಗಸು. ಐದಕ್ಕೆ ಕರೆಯಿತು. ಇಲ್ಲ. ಅವಳು ನನ್ನ ಕಡೆ ನೋಡದೆ, ಇದ್ದ ಬಿಸ್ಕತ್ತಿನ ಪೊಟ್ಟಣ ಒಡೆದು ಎರಡು ಕೊಟ್ಟಳು.

"ನನ್ನನ್ನ ಇಲ್ಲೇ ಬಾಗಿಲ ಹತ್ರ ಇಳಿಸಿಬಿಡಿ" ಎಂದ ಕ್ಲಿಫ್. "ನೆಲದ ಮೇಲೆ ಮಲಗಿ ಅಭ್ಯಾಸ ಆಗಿದೆ. ನೀವು ಹೋಗಿ ಆಕೇನ ಕರ್ಕೊಂಡು ಬನ್ನಿ." ಅವನು ತಮಾಷೆಗೆ ಹೇಳುತ್ತಿರಲಿಲ್ಲ.

ಆರೂಕಾಲಿಗೆ ರೇಡಿಯೋ ಮತ್ತೆ ಮಾತಾಡಿತು. ಈ ಸಲ ಅದು ಬಿಡುವಿದೆಯೇ ಎಂದು ಕೇಳಲಿಲ್ಲ. ವೇರ್ ಸ್ಟ್ರೀಟಿನ ಕರೆ ಮುಗಿಯಿತು, ಆಂಬುಲೆನ್ಸ್ ಬೇಕಾಗಿಲ್ಲ ಎಂದಿತು. ಆ ಹೆಂಗಸು ಸರಿ ಎಂದು ಹೇಳಿ, ಸ್ವಲ್ಪ ಹೊತ್ತು ಬಟನ್ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು.

"ಯಾರಾದ್ರೂ ಕಾರಲ್ಲಿ ಕರ್ಕೊಂಡು ಹೋಗಿರ್ಬೇಕು" ಎಂದೆ ನಾನು. ಕ್ಲಿಫ್ ಆ ಅಜ್ಜಿಗಾಗಿ ಎರಡೂ ಕೈ ಜೋಡಿಸಿದ.

ನಾಳೆ ಕ್ಲಿಫ್ ಮತ್ತೆ ಬಿದ್ದರೆ ನಾನು ಅದೇ ಸುಳ್ಳನ್ನು ಹೇಳುತ್ತೇನೆ, ಇನ್ನೂ ಬೇಗ ಹೇಳುತ್ತೇನೆ. ನನ್ನನ್ನು ಅಂಥವಳನ್ನಾಗಿ ಮಾಡಿದವರು ಯಾರೆಂದು ಗೊತ್ತಾದರೆ ಅವರ ಮನೆ ಬಾಗಿಲಿಗೇ ಹೋಗಿ ಕೇಳುತ್ತಿದ್ದೆ. ಆದರೆ ಈ ದೇಶದಲ್ಲಿ ಅದನ್ನು ಯಾವ ಬಾಗಿಲಲ್ಲಿ ಕೇಳಬೇಕು ಎಂದೂ ಯಾರೂ ಹೇಳುವುದಿಲ್ಲ.