ಜವುಳು ನೀರಿನ ಬಣ್ಣ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್.

ಕೆಳಗಿನ ಕೋಣೆಯಿಂದ ಬರುತ್ತಿತ್ತು ಸದ್ದು. ಬಾಯ್ಲರ್ ಇರಬೇಕೆಂದು ಐಶ್ವರ್ಯಾ ಮಗ್ಗುಲು ಬದಲಿಸಿದಳು. ಬಾಯ್ಲರ್ ಇಷ್ಟು ಮೆಲ್ಲಗೆ ಸದ್ದು ಮಾಡುವುದಿಲ್ಲ ಎಂದು ಹೊಳೆದ ಮೇಲೆ ಎದ್ದು, ಗಂಡ ರುದ್ರೇಶನನ್ನು ಎಬ್ಬಿಸದೆ ಮೆಟ್ಟಿಲಿಳಿದಳು.

ಅತ್ತೆ ಬಸಲಿಂಗವ್ವ ದೀಪ ಹಾಕದೆ ಸೋಫಾದ ತುದಿಯಲ್ಲಿ ಕುಳಿತಿದ್ದರು. ಮಡಿಲಲ್ಲಿ, ಮೊನ್ನೆ ತೀರಿಕೊಂಡ ಮಾವನ ಬೆಳ್ಳಿಯ ಕರಡಿಗೆ. ಜಗದೇವಪ್ಪನವರು ಜೀವಮಾನವಿಡೀ ಕೊರಳಿನಿಂದ ಇಳಿಸದ, ಇಷ್ಟಲಿಂಗದ ಆ ಪುಟ್ಟ ಡಬ್ಬಿಯನ್ನು ಆಸ್ಪತ್ರೆಯವರು ಕನ್ನಡಕ, ವಾಚುಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಅತ್ತೆಯ ಹೆಬ್ಬೆರಳು ಅದರ ಕೊಂಡಿಯನ್ನು ಬಿಚ್ಚುತ್ತಿತ್ತು, ಹಾಕುತ್ತಿತ್ತು. ಮುಚ್ಚಳವನ್ನು ಮಾತ್ರ ಎತ್ತುತ್ತಿರಲಿಲ್ಲ.

ಐಶ್ವರ್ಯಾ ಕೊನೆಯ ಮೆಟ್ಟಿಲಲ್ಲೇ ನಿಂತಳು. "ತೆಗದು ನೋಡಿದ್ರೇನ್ರಿ ಅತ್ತಿ?"

"ಹುಚ್ಚಿ ಇದ್ದೀಯೇನ? ಒಬ್ಬರ ಲಿಂಗ ಇನ್ನೊಬ್ಬರು ನೋಡಬಾರದು. ಹೆಂಡ್ತಿ ಆದ್ರೂ." ಟಿಕ್. "ನಾಳೆ ಶೇಖರಪ್ಪನವರು ತೆಗದು ಅವರ ಎಡಗೈಯಾಗ ಇಡತಾರ. ಈ ಊರಾಗ ಕುಂದ್ರಿಸಿ ಹುಗಿಯಾಕ ಆಗೂದಿಲ್ಲ ಅಂದ್ರು, ಹೂಂ ಅಂದೆ. ಪೆಟಿಗ್ಯಾಗ ಮಲಗಿಸತೀವಿ ಅಂದ್ರು, ಅದಕ್ಕೂ ಹೂಂ ಅಂದೆ. ಲಿಂಗ ಕೈಯಾಗಿದ್ದು ಮಣ್ಣಿಗಿ ಹೋದ್ರ ಸಾಕವಾ ನನಗ. ಮತ್ತೇನೂ ಬ್ಯಾಡ."

"ಏಳ್ರಿ, ಮಲಗೂಣು."

"ನೀ ಹೋಗು. ನಾ ಬರತೇನಿ."

ಮೇಲೆ ಬಂದು ಮಲಗಿದರೂ ಅವಳಿಗೆ ನಿದ್ದೆ ಹತ್ತಲಿಲ್ಲ. ಆ ಕರಡಿಗೆಯಲ್ಲಿ ಲಿಂಗವಿಲ್ಲ ಎಂಬುದು ಈಗ ಅವಳೊಬ್ಬಳಿಗೇ ಗೊತ್ತಿತ್ತು.

*

ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತರಾದ ವರ್ಷ ಜಗದೇವಪ್ಪನವರಿಗೆ ಭಾನುವಾರಗಳು ಉದ್ದವಾಗತೊಡಗಿದ್ದವು. ಅದೇ ಲ್ಯಾಬಿನಲ್ಲಿದ್ದ ಉಡುಪಿಯ ಗಿಲ್ಬರ್ಟ್ ಒಂದು ದಿನ ಅವರನ್ನು ಸೈಕಲ್ ಹತ್ತಿಸಿಕೊಂಡು ಸಟನ್‌ನಿಂದ ಮಾರ್ಡನ್ ದಾಟಿ ವಿಂಬಲ್ಡನ್ ಕಾಮನ್ ಎಂಬ ದೊಡ್ಡ ಬಯಲಿನ ತಗ್ಗಿಗೆ ಕರೆದೊಯ್ದ. ಅಲ್ಲಿ, ಬಹಳ ಹಿಂದೆ ಕಾಲುವೆ ತೋಡಿ ಒಣಗಿಸಿದ್ದ ನೆಲವನ್ನು ಮತ್ತೆ ಜೌಗು ಮಾಡಲು ಹತ್ತಾರು ಜನ ಬೂಟು ಹಾಕಿಕೊಂಡು ದುಡಿಯುತ್ತಿದ್ದರು. ಕಾಲುವೆಗಳಿಗೆ ಹಲಗೆ ಅಡ್ಡಕೊಟ್ಟು ನೀರು ನಿಲ್ಲಿಸುವುದು, ನೀರು ಕುಡಿಯುವ ಬರ್ಚ್ ಸಸಿಗಳನ್ನು ಬೇರುಸಹಿತ ಕೀಳುವುದು, ಪಾಚಿ ಮರಳಿ ಹಬ್ಬುವುದನ್ನು ಕಾಯುವುದು.

ಮನೆಗೆ ಬಂದು ಊಟಕ್ಕೆ ಕುಳಿತು ಅವರು ಬಿದ್ದುಬಿದ್ದು ನಕ್ಕಿದ್ದರು. "ನಮ್ಮಪ್ಪ ಹೊಲದಾಗಿನ ಜವುಳು ಹೋಗಲಿ ಅಂತ ಕಾಲುವಿ ತೋಡಿ ತೋಡಿ ನಡಾ ಮುರಕೊಂಡ. ಇವ್ರು ಕಾಲುವಿ ಮುಚ್ಚಿ ಜವುಳು ಮಾಡಾಕತ್ತಾರ! ಮ್ಯಾಲ ನಮಗ ಬಿಸ್ಕೀಟು ಬ್ಯಾರೆ ಕೊಡತಾರ."

"ಹಂಗಾರ ಮುಂದಿನ ವಾರ ಹೋಗಬ್ಯಾಡ್ರಿ," ಎಂದರು ಬಸಲಿಂಗವ್ವ.

"ಹೋಗಬೇಕು. ಅರ್ಧಾ ಹಲಗಿ ಹಂಗ ಉಳದಾವು."

ಆಮೇಲೆ ತಪ್ಪಿಸಿದ್ದೇ ಇಲ್ಲ. ಮಳೆಯಿದ್ದರೂ ಹೋದರು, ಮೊಣಕಾಲು ಬಾತರೂ ಹೋದರು. ತಗ್ಗಿನ ಆ ಜೌಗಿನಿಂದ ಮೇಲಿನ, ನೇರಳೆ ಹೂವಿನ ಹೀದರ್ ಪೊದೆಗಳ ಬಯಲಿನವರೆಗೆ ಸೈಕಲ್ ತಳ್ಳಿಕೊಂಡು ಒಂದು ಸುತ್ತು ಹಾಕಿದರೇ ಅವರಿಗೆ ವಾರ ಮುಗಿದಂತೆ. ಎಲ್ಲಕ್ಕೂ ಮುಂಚಿತವಾಗಿ ಹೆದರುವ ಐಶ್ವರ್ಯಾ, ಒಬ್ಬರೇ ಎಲ್ಲಿಯಾದರೂ ಬಿದ್ದಾರೆಂದು ತಾನೂ ಒಂದು ಸೈಕಲ್ ಕೊಂಡಳು. ಕಾವಲಿಗೆಂದು ಹೊರಟವಳಿಗೆ ಬರುಬರುತ್ತ ಆ ನೆಲವೇ ಹಿಡಿಸಿತು. ಕಾಲಿಟ್ಟಲ್ಲಿ ಹಾಸಿಗೆಯಂತೆ ಅದುರುವ ಪಾಚಿ, ಹಾಲು ಹಾಕದ ಚಹಾದ ಬಣ್ಣದ ನೀರು, ಪಾಚಿಯ ಕೆಳಗೆ ಯಾವ ಕಾಲದ್ದೋ ಬೆಣ್ಣೆಯಂಥ ಕಪ್ಪು ಮಣ್ಣು.

"ಇದು ಒಣಗಿತಂದ್ರ ಕಲ್ಲ ಆಗತೈತಿ ನೋಡು," ಎಂದು ಮಾವ ಒಮ್ಮೆ ಬೆರಳಲ್ಲಿ ಉಂಡೆ ಕಟ್ಟಿ ತೋರಿಸಿದ್ದರು.

*

ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಐಶ್ವರ್ಯಾ ಹಿತ್ತಿಲಿನ ಹೂಕುಂಡದಿಂದ ದುಂಡಗಿನ ಕರಿ ಕಲ್ಲೊಂದನ್ನು ಆರಿಸಿ ತೊಳೆದು ಕೋಟಿನ ಜೇಬಿಗೆ ಹಾಕಿಕೊಂಡಿದ್ದಳು. ಕರಡಿಗೆ ಒಂದು ನಿಮಿಷ ಕೈಗೆ ಸಿಕ್ಕರೆ ಸಾಕಿತ್ತು. ಆದರೆ ಅತ್ತೆ ಸ್ನಾನಕ್ಕೆ ಹೋಗುವಾಗಲೂ ಅದನ್ನು ಒಯ್ದರು. ಕಾರಿನಲ್ಲಿ ಸೆರಗಿನ ಗಂಟಿನಲ್ಲಿಟ್ಟುಕೊಂಡರು.

ಶವಸಂಸ್ಕಾರ ಕಂಪನಿಯವರ ಸಣ್ಣ ಹಾಲ್‌ನಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದರು. ಹಣೆಗೆ ವಿಭೂತಿ, ಮೈಮೇಲೆ ಹೊಸ ಧೋತರ. ಶೇಖರಪ್ಪನವರು ಕೋಟಿನ ಮೇಲೆ ಕಾವಿ ಶಾಲು ಹೊದ್ದು ಫೋನಿನಲ್ಲಿ ಮಂತ್ರ ಹುಡುಕುತ್ತಿದ್ದರು. ಅವರು ನಿವೃತ್ತ ಅಕೌಂಟೆಂಟ್. ಸ್ವಾಮಿಗಳು ಸಿಗದ ಈ ಊರಿನಲ್ಲಿ ಲಿಂಗಾಯತರ ಮನೆಯ ಸಾವುಗಳಿಗೆಲ್ಲ ಅವರೇ ಆಗಬೇಕು.

"ಕುಂದ್ರೂ ಪೆಟಿಗಿ ಮಾಡೂದಿಲ್ಲಂತ್ರೀ," ಎಂದ ರುದ್ರೇಶ, ತಪ್ಪು ತನ್ನದೇ ಎನ್ನುವಂತೆ.

"ಇರಲಿ ಬಿಡೋ. ಮೂವತ್ತ ವರ್ಷ ಮೈಕ್ರೋಸ್ಕೋಪಿನ ಮುಂದ ಕುಂತಾನ. ಇನ್ನರ ಅಂಗಾತ ಮಲಗಲಿ," ಎಂದರು ಶೇಖರಪ್ಪ.

ಅಷ್ಟರಲ್ಲಿ ಗಿಲ್ಬರ್ಟ್ ಬಂದ. ಕರಿ ಸೂಟು, ಪ್ಯಾಂಟಿನ ಕಾಲಿಗೆ ಇನ್ನೂ ಸೈಕಲ್ ಕ್ಲಿಪ್ಪು. ಕೈಯಲ್ಲಿ ಬೇರುಸಹಿತ ಒಂದು ಹೀದರ್ ಗಿಡ, ಬೇರಿಗೆ ಮೆತ್ತಿದ ಒದ್ದೆ ಕಪ್ಪು ಮಣ್ಣು.

"ಹೂವಿನಂಗಡಿಯದ್ದಲ್ಲ ಬಸಲಿಂಗಕ್ಕ. ಜಗದೇವಣ್ಣನ ಜಾಗದ್ದೇ. ಕೀಳ್ಬಾರ್ದು ಅಂತ ಉಂಟು, ಇವತ್ತೊಂದು ದಿನ ಅಲ್ಲಿಯವ್ರೂ ಬಯ್ಲಿಕ್ಕಿಲ್ಲ."

"ಏನ್ ಗಿಲ್ಬರ್ಟ್, ಇಲ್ಲಿಗೂ ಸೈಕಲ್ಲೇನ್ರಿ?" ಎಂದರು ಶೇಖರಪ್ಪ.

"ಮತ್ತೆಂತ ಮಾರಾಯ್ರೆ, ಅವ್ರಿಗೋಸ್ಕರ. ನನ್ನ ಸೈಕಲಿಗೆ ಬ್ಯಾಟರಿ ಉಂಟು, ಅವ್ರದ್ದಕ್ಕೆ ಇಲ್ಲ. ಆದ್ರೂ ಏರಿನಲ್ಲಿ ಅವ್ರೇ ಮುಂದೆ. ಮೇಲೆ ನಿಂತು ಕೂಗುವುದು, ಗಿಲ್ಬರ್ಟಾ, ಕರೆಂಟ್ ಹೋತೇನು ಅಂತ."

ಎರಡು ದಿನಗಳಲ್ಲಿ ಮೊದಲ ಸಲ ಬಸಲಿಂಗವ್ವನ ತುಟಿ ಅರಳಿತು. ಗಿಡವನ್ನು ಇಸಿದುಕೊಂಡು ಗಂಡನ ಕಾಲ ಬಳಿ ಇಟ್ಟರು. ನಂತರ ಸೆರಗಿನ ಗಂಟು ಬಿಚ್ಚಿ ಕರಡಿಗೆಯನ್ನು ಶೇಖರಪ್ಪನವರ ಕೈಗೆ ಕೊಟ್ಟರು.

ಐಶ್ವರ್ಯಾ ಅವರನ್ನು ಕಿಟಕಿಯ ಕಡೆಗೆ ಕರೆದಳು. "ಕಾಕಾರ, ಕರಡಿಗಿ ಮುಚ್ಚೇ ಇಟ್ರ ನಡಿಯೂದಿಲ್ಲೇನ್ರಿ?"

"ಅದ್ಹೆಂಗ ನಡೀತೈತವಾ? ಲಿಂಗ ಅಂಗೈಗಿ ಮುಟ್ಟಬೇಕು. ನೀರು ಹಾಕಬೇಕು."

"ಇಷ್ಟು ಮಂದಿ ಮುಂದ..."

"ಅದಕ್ಕ ಶಾಲು ಅಡ್ಡ ಹಿಡೀತಾರ. ಒಳಗ ನಾನು, ಮತ್ತ ಕೈ ಹಿಡ್ಯಾಕ ಮನಿಯವರೊಬ್ಬರು. ರುದ್ರೇಶ ಶಾಲು ಹಿಡೀಲಿ. ನೀನ ಬಾ, ಒಂದು ಟಾವೆಲ್ ತಗೊಂಡು."

ಜೇಬಿನೊಳಗಿನ ಕಲ್ಲು ಅವಳ ಬೆವರಿಗೆ ಒದ್ದೆಯಾಗಿತ್ತು.

*

ಮೂರು ವರ್ಷದ ಹಿಂದಿನ ಅಕ್ಟೋಬರ್. ಮಾವ ಹಟಮಾರಿ ಬರ್ಚ್ ಸಸಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದರು. ಅದು ಒಮ್ಮೆಲೇ ಕಿತ್ತು ಬಂತು. ಮುಗ್ಗರಿಸಿ ಬಾಗಿದವರ ಅಂಗಿಯಿಂದ ಕರಡಿಗೆ ಹೊರಗೆ ಜೋತುಬಿದ್ದು, ಕೊಂಡಿ ಕಳಚಿ, ಲಿಂಗ ಸುತ್ತಿದ್ದ ಅರಿವೆಯ ಸಣ್ಣ ಗಂಟು ಸಸಿ ಇದ್ದ ಗುಳಿಗೆ ಜಾರಿತು. ಸದ್ದೂ ಆಗಲಿಲ್ಲ. ಕಂದು ನೀರು ಮೇಲೆ ಮುಚ್ಚಿಕೊಂಡಿತು.

ಇಬ್ಬರೂ ಮಂಡಿಯೂರಿ ಭುಜದವರೆಗೆ ಕೈ ಹಾಕಿ ಹುಡುಕಿದರು. ಗಿಲ್ಬರ್ಟ್ ಆ ವಾರ ಊರಿಗೆ ಹೋಗಿದ್ದ. ಉಳಿದವರು ಏನು ಕಳೆಯಿತೆಂದು ಕೇಳಿದಾಗ ಮಾವ ನಕ್ಕು, "ಗ್ಲವ್," ಎಂದರು. ಕತ್ತಲಾಗುವಾಗ ಒಂದು ಹಿಡಿ ಕಪ್ಪು ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಮನೆಯಲ್ಲಿ ಬೆಳಕಿಗೆ ಹಿಡಿದು ಸೋಸಿ ನೋಡಲೆಂದು ಅವಳು ತಿಳಿದಳು.

"ಶೇಖರಪ್ಪ ಕಾಕಾರಿಗೆ ಹೇಳಿ ಇನ್ನೊಂದು ತರಸೂಣೇನ್ರಿ ಮಾವಾರ?"

ಇನ್ನೊಂದು ಮದುವೆಯಾಗಿ ಎಂದವಳನ್ನು ನೋಡುವಂತೆ ಅವರು ಅವಳನ್ನು ನೋಡಿದರು. "ಹುಟ್ಟಿದಾಗ ಕಟ್ಟಿದ್ದು ಅದು. ಇನ್ನೊಂದು ಹೆಂಗ ಆಗತೈತಿ? ಎಲ್ಲಿ ಐತಿ ಅಂತ ಗೊತ್ತಿದ್ದ ಮ್ಯಾಲ ಕಳದಂಗ ಅಲ್ಲವಾ." ಸೈಕಲ್ಲಿನ ದೀಪ ಹಚ್ಚುತ್ತ ಮತ್ತೆ ಹೇಳಿದರು, "ನಿಮ್ಮತ್ತಿಗಿ ಹೇಳಬ್ಯಾಡ. ಉಣ್ಣೂದು ಬಿಡತಾಳ."

ಮರುದಿನ ಬೆಳಿಗ್ಗೆ ಎಂದಿನಂತೆ ಬಾಗಿಲು ಮುಂದೆ ಮಾಡಿಕೊಂಡು ಪೂಜೆಗೆ ಕುಳಿತರು. ಖಾಲಿ ಅಂಗೈ ಮುಂದಿಟ್ಟುಕೊಂಡು ಕೂರುತ್ತಾರೆಂದು ಐಶ್ವರ್ಯಾ ಹೊರಗೆ ಸಂಕಟಪಡುತ್ತಿದ್ದಳು. "ಆ ಕೆಸರಿನಾಗ ನಿಮ್ಮಪ್ಪ ಏನ್ ಹೂತಿಟ್ಟಾರೋ ರುದ್ರೇಶಾ, ವಾರಾ ವಾರಾ ಓಡತಾರ?" ಎಂದು ಅತ್ತೆ ಕಾಲುಚೀಲ ತೊಳೆಯುತ್ತ ಗೊಣಗಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಮಾವನೇ.

*

ರುದ್ರೇಶನೂ ಗಿಲ್ಬರ್ಟನೂ ಶಾಲು ಹಿಡಿದು, ಮುಖ ಆಚೆ ತಿರುಗಿಸಿ ನಿಂತರು. ಐಶ್ವರ್ಯಾ ಮಾವನ ತಣ್ಣಗಿನ ಎಡಗೈಯನ್ನು ಬಿಡಿಸಿ, ಕೆಳಗೆ ಬಿಳಿ ಟಾವೆಲ್ ಹಿಡಿದಳು. ಶೇಖರಪ್ಪನವರು ಕೊಂಡಿ ಬಿಚ್ಚಿದರು. ಟಿಕ್. ಅವಳು ಕಣ್ಣು ಮುಚ್ಚಿದಳು.

ಮಂತ್ರ ನಡೆದೇ ಇತ್ತು. ಕಣ್ಣು ತೆರೆದರೆ ಅಂಗೈಯಲ್ಲಿ ಕಪ್ಪಗೆ, ನುಣ್ಣಗೆ ಹೊಳೆಯುವ ಲಿಂಗವಿತ್ತು. ಸಿಕ್ಕಿತ್ತೇ? ತನಗೂ ಹೇಳದೆ ತರಿಸಿಕೊಂಡಿದ್ದರೇ?

ಶೇಖರಪ್ಪನವರು ನೀರು ಹಾಕಿದರು. ಲಿಂಗದ ಮೇಲಿಂದ ಇಳಿದ ನೀರು ಬೆರಳ ಸಂದಿಗೆ ಬರುವಷ್ಟರಲ್ಲಿ ಕಂದಾಗಿತ್ತು. ಟಾವೆಲ್ಲಿನ ಮೇಲೆ ಚಹಾದ ಬಣ್ಣ ಅಗಲವಾಗುತ್ತ ಹೋಯಿತು. ಅವಳಿಗೆ ಆ ಕರವಸ್ತ್ರದ ಗಂಟು, ಒಣಗಿದರೆ ಕಲ್ಲಾಗುವ ಆ ಮಣ್ಣು ನೆನಪಾಯಿತು.

ಮಂತ್ರ ನಿಂತಿತು. ಶೇಖರಪ್ಪನವರು ಕಂದು ಹತ್ತಿದ ತಮ್ಮ ಬೆರಳನ್ನು ಮೂಗಿನ ಹತ್ತಿರ ತಂದರು. ಅವರ ಕಣ್ಣು ಕಾಲ ಬಳಿಯ ಹೀದರ್ ಗಿಡದತ್ತ, ಅದರ ಬೇರಿನ ಕಪ್ಪು ಮಣ್ಣಿನತ್ತ ಹೋಯಿತು. ಅಲ್ಲಿಂದ ಅಂಗೈಗೆ ಬಂತು. ಕೊನೆಗೆ ಅವಳ ಮುಖಕ್ಕೆ.

"ಆತೇನ್ರಿ?" ಶಾಲಿನ ಆಚೆಯಿಂದ ಬಸಲಿಂಗವ್ವ ಕೇಳಿದರು.

ಶೇಖರಪ್ಪನವರು ಉಳಿದ ನೀರನ್ನು ಬದಿಗಿಟ್ಟು, ಅಂಗೈಗೆ ವಿಭೂತಿ ಸುರಿದು, ಬಿಲ್ವಪತ್ರೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿದರು.

"ಆತ್ರಿ ಬಸಲಿಂಗವ್ವಾರ," ಎಂದರು ಎಲ್ಲರಿಗೂ ಕೇಳುವಂತೆ. "ಲಿಂಗ ಕೈಯಾಗ ಐತ್ರಿ."

ಸ್ಮಶಾನದಲ್ಲಿ ಎಲ್ಲರೂ ಹಿಡಿ ಮಣ್ಣು ಹಾಕಿದರು. ಇಲ್ಲಿಯದು ಹಳದಿ, ಜಿಗುಟು ಮಣ್ಣು. ಗಿಲ್ಬರ್ಟ್ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, "ಜಗದೇವಣ್ಣನಿಗೆ ಇದು ಹಿಡಿಸ್ಲಿಕ್ಕಿಲ್ಲ," ಎಂದ. ಹೊರಡುವಾಗ ಶೇಖರಪ್ಪನವರು ಐಶ್ವರ್ಯಾಳ ಮುಂದೆ ಒಂದು ಗಳಿಗೆ ನಿಂತರು.

"ಎಲ್ಲಾರೂ ಊಟಾ ಮಾಡ್ರಿ," ಎಂದಷ್ಟೇ ಹೇಳಿ ಕಾರು ಹತ್ತಿದರು.

*

ಸಂಜೆ ಅಡುಗೆಮನೆಯಲ್ಲಿ ಅವಳು ಟಾವೆಲ್ ತೊಳೆಯುತ್ತಿದ್ದಾಗ ರುದ್ರೇಶ ಬಂದ. "ಶಾಲಿನ ಹಿಂದ ಏನಾತು? ಕಾಕಾ ಯಾಕ ಗಪ್ಪಾದ್ರು?"

"ಏನಿಲ್ಲ. ನೀರು ಚೆಲ್ತು."

ಅವನು ಹೋದ ಮೇಲೆ, ಇವನಿಗೂ ಹೇಳುವುದಿಲ್ಲ, ಗಿಲ್ಬರ್ಟನಿಗೂ ಇಲ್ಲ, ಇನ್ನು ಯಾರಿಗೂ ಇಲ್ಲ ಎಂದು ಗಟ್ಟಿ ಮಾಡಿಕೊಂಡಳು. ಜೇಬಿನ ಕಲ್ಲನ್ನು ಹೂಕುಂಡಕ್ಕೆ ಹಾಕಿ ಬಂದು ನೋಡಿದರೆ ಅತ್ತೆ ಸಿಂಕಿನ ಮುಂದೆ ನಿಂತಿದ್ದರು.

"ಏನಿದು ಕಲಿ?"

"ಚಹಾ ಚೆಲ್ಲಿತ್ರಿ ಅತ್ತಿ."

ಬಸಲಿಂಗವ್ವ ಟಾವೆಲ್ ಎತ್ತಿ ಕಲೆಯನ್ನು ಮೂಗಿಗೆ ಹಿಡಿದರು. ವಾರ ವಾರ ಗಂಡನ ಕೆಸರಿನ ಕಾಲುಚೀಲಗಳನ್ನು ತೊಳೆದ ಕೈ ಅದು.

"ಚಹಾದ ಕಲಿ ಹೋಗೂದಿಲ್ಲ. ತಿಕ್ಕಬ್ಯಾಡ, ಬಿಡು," ಎಂದರು.

ನಂತರ ಸೋಪು ಹಚ್ಚದೆ ಹಿಂಡಿ, ಕಲೆ ಮೇಲೆ ಬರುವಂತೆ ರೇಡಿಯೇಟರಿನ ಮೇಲೆ ಹರವಿ, ಅದರ ಸುಕ್ಕುಗಳನ್ನು ಅಂಗೈಯಿಂದ ಒಂದೊಂದಾಗಿ ಬಿಡಿಸತೊಡಗಿದರು.