ಎರಡೆರಡಾಗಿ ಬಂದ ಗಿಡಗಳು

ಮೊದಲು ಅದನ್ನು ಕಿತ್ತು ಬಿಸಾಡಲು ಹೊರಟವಳೇ ಅಕ್ಕ. ಬಗ್ಗಿ ಬುಡಕ್ಕೆ ಕೈ ಹಾಕಿದಾಗ ಪಕ್ಕದಲ್ಲೇ ಅಂಥದೇ ಇನ್ನೊಂದು ಕಾಣಿಸಿತು. ಒಂದು ಗೇಣು ನಾಲ್ಕು ಬೆರಳು ಬಿಟ್ಟು ಮತ್ತೆರಡು. ಅಷ್ಟೇ ಜಾಗ ಬಿಟ್ಟು ಇನ್ನೂ ಎರಡು. ಹಿತ್ತಲಿನ ನಡುಮಧ್ಯೆ, ಈ ಗೋಡೆಯಿಂದ ಆ ಗೋಡೆಯವರೆಗೆ, ದಾರ ಹಿಡಿದು ಗೆರೆ ಎಳೆದ ಹಾಗೆ ಎಂಟು ಜೋಡಿ ಗಿಡ.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಗೇಣು ಮತ್ತು ನಾಲ್ಕು ಬೆರಳು ಅವಳ ಅಮ್ಮನ ಅಳತೆ. ಟೇಪು ಕೊರಳಲ್ಲೇ ಜೋತಾಡುತ್ತಿದ್ದರೂ ಟೈಲರ್ ಅಮ್ಮ ಕೈಯಲ್ಲೇ ಅಳೆಯುತ್ತಿದ್ದಳು. ಏನು ಬಿತ್ತಿದರೂ ಗುಣಿಗೆ ಎರಡೆರಡು ಬೀಜ ಹಾಕುತ್ತಿದ್ದಳು. ಹೊಲಿದ ಪ್ರತಿ ಅಂಗಿಯ ಒಳಮಡಿಕೆಗೂ ಒಂದು ಹೆಚ್ಚಿನ ಗುಂಡಿ. "ಒಂದು ಕೈಕೊಟ್ರೆ ಇನ್ನೊಂದಿರ್ಲಿ" ಎನ್ನುವುದು ಅವಳ ಮಾತು.

ಅಮ್ಮ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಕೊನೆಯ ವರ್ಷ ಅವಳಿಗೆ ಮರೆವು. ಕತ್ತರಿ ಉಪ್ಪಿನ ಡಬ್ಬಿಯಲ್ಲಿ ಸಿಗುತ್ತಿತ್ತು. ಒಂದು ದಿನವಂತೂ ಹಿತ್ತಲಲ್ಲಿ ಕೂತು ಗುಂಡಿಗಳನ್ನು ಒಂದೊಂದಾಗಿ ಮಣ್ಣಿಗೆ ಒತ್ತುತ್ತಿದ್ದಳು. ಮನೆಯಲ್ಲೇ ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಮಗಳನ್ನು ಅವಳು ಕೊನೆಕೊನೆಗೆ ಕರೆಯುತ್ತಿದ್ದದ್ದು "ಇಸ್ತ್ರಿಯವಳೇ" ಎಂದು. ಮಗನನ್ನು ಮಾತ್ರ ಕೊನೆಯವರೆಗೂ ಮಗ ಎಂದೇ ಗುರುತಿಸುತ್ತಿದ್ದಳು. ಈ ಮುಳ್ಳು ಅಕ್ಕನ ಗಂಟಲಲ್ಲಿ ಒಂಬತ್ತು ತಿಂಗಳಿಂದ ಹಾಗೇ ನಿಂತಿತ್ತು. ಈಗ ಈ ಗಿಡಗಳು. ಹೆಸರು ಮರೆತವಳು ಬಿತ್ತುವುದನ್ನು ಮರೆತಿರಲಿಲ್ಲವೋ? ಯಾರಿಗಾಗಿ ಬಿತ್ತಿದಳು?

ಮಗ, ಅಂದರೆ ತಮ್ಮ, ಸಾಮಾನು ಸಾಗಿಸುವ ವ್ಯಾನು ಕೊಂಡಿದ್ದ. ಭಾನುವಾರ ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿ ವ್ಯಾನು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಅದಕ್ಕೆಂದೇ ಒಂದೂವರೆ ತಿಂಗಳ ಹಿಂದೆ ನಡುವಿನ ಕಂಬಗಳನ್ನು ಕಿತ್ತು, ಬಟ್ಟೆ ಒಣಹಾಕುವ ಹಗ್ಗವನ್ನು ಅಡುಗೆಮನೆ ಗೋಡೆಯ ಪಕ್ಕಕ್ಕೆ ಸರಿಸಿದ್ದ. ಆದರೆ ಅಮ್ಮ ಹೋದ ವಾರ ಅವಳ ಹೊಲಿಗೆ ಮೆಷೀನಿನ ಮೇಲೆ ಕೈಯಿಟ್ಟು ಅಕ್ಕ ತಮ್ಮ ಒಂದು ಒಪ್ಪಂದ ಮಾಡಿಕೊಂಡಿದ್ದರು. ಅಮ್ಮ ಇಟ್ಟಿದ್ದನ್ನು ಇಬ್ಬರೂ ಒಪ್ಪದೆ ಅಲ್ಲಾಡಿಸುವ ಹಾಗಿಲ್ಲ.

"ಇದು ಅಮ್ಮ ಹಾಕಿದ್ದು" ಎಂದಳು ಅಕ್ಕ.

"ಕಳೆ ಕಣೇ ಇದು."

"ಕಳೆ ಸಾಲಾಗಿ ಬರುತ್ತೇನೋ? ಶಾಲೆ ಮಕ್ಕಳ ಹಾಗೆ ಜೋಡಿ ಜೋಡಿ ನಿಲ್ಲುತ್ತಾ?"

ತಮ್ಮ ತಲೆ ಕೆರೆದುಕೊಂಡ. "ಯಾವ ಗಿಡ ಅಂತಾದರೂ ಹೇಳು. ಅಮ್ಮನ ಡಬ್ಬೀಲಿದ್ದ ಬೀಜದ್ದಾದ್ರೆ ಸಿಮೆಂಟಿನವನಿಗೆ ನಾನೇ ಬೇಡ ಅಂತೀನಿ. ಶನಿವಾರದವರೆಗೆ ಟೈಮು."

ಅಮ್ಮನ ಬೀಜದ ಡಬ್ಬಿ ತೆಗೆದರೆ ಅದರಲ್ಲಿ ಬರೀ ಗುಂಡಿಗಳು. ಫೋನಿನಲ್ಲಿ ಗಿಡದ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್ ಹಾಕಿಕೊಂಡಳು. ಸೋಮವಾರ ಅದೊಂದು ಹೆಸರು ಹೇಳಿತು, ಮಂಗಳವಾರ ಅದೇ ಎಲೆಗೆ ಇನ್ನೊಂದು. ಬುಧವಾರ ತಮ್ಮನ ಹೆಬ್ಬೆರಳು ಚಿತ್ರದೊಳಗೆ ಬಂದದ್ದೇ, ಆ್ಯಪ್ ಇದು ಅಣಬೆ, ತಿನ್ನಬೇಡಿ ಎಂದಿತು.

"ಈ ಬೆರಳಲ್ಲೇ ನಾನು ಸ್ಟಿಯರಿಂಗ್ ಹಿಡಿಯೋದು" ಎಂದು ತಮ್ಮ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಗುರುವಾರ ಬೆಳಿಗ್ಗೆ ಹೂ ಬಿಟ್ಟಿತು. ಇಟ್ಟಿಗೆ ಬಣ್ಣದ, ಉಗುರಿನಷ್ಟೇ ದೊಡ್ಡ ಹೂ. ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನರ್ಸರಿಗೆ ಒಯ್ದು ಬಿಚ್ಚುವಷ್ಟರಲ್ಲಿ ಅದು ನೀಲಿಗೆ ತಿರುಗಿತ್ತು.

"ಬೆಳಿಗ್ಗೆ ಕೆಂಪಿತ್ತು" ಎಂದಳು ಅಕ್ಕ, ತನ್ನದೇ ತಪ್ಪು ಎಂಬಂತೆ.

ನರ್ಸರಿಯವನು ಅದನ್ನು ಮೂಗಿನ ತುದಿಗೆ ಹಿಡಿದ. "ಎಸಳು ಐದಲ್ವಾ?"

"ಮನೇಲಿ ಎಣಿಸಿದಾಗ ಆರಿತ್ತು."

"ಅಮ್ಮಾ, ನೀವು ಹೂವಿನ ವಿಷಯ ಕೇಳ್ತಿದೀರೋ, ನಿಮ್ಮ ಕಣ್ಣಿನ ವಿಷಯವೋ? ನಾವು ಮಾರೋ ಜಾತಿ ಅಲ್ಲ ಇದು. ದಿಣ್ಣೆ, ಬಯಲು ಅಂಥ ಕಡೆ ತಾನಾಗಿ ಬೆಳೆಯೋದು. ಹೆಸರಿದ್ದೇ ಇರುತ್ತೆ, ನನಗೆ ಗೊತ್ತಿಲ್ಲ. ಬೇಕಾದ್ರೆ ಬೆಳೆಸೋ ರೀತಿ ಹೇಳ್ತೀನಿ. ನೀರು ಕಮ್ಮಿ ಹಾಕಿ. ಅದರ ಪಾಡಿಗೆ ಬಿಡಿ."

ದಿಣ್ಣೆ ಬಯಲುಗಳಿಗೆ ಅಮ್ಮ ಹೋಗಿದ್ದು ಯಾವಾಗ? ಕೊನೆಯ ವರ್ಷ ಅವಳು ಬೀದಿ ತಿರುವು ದಾಟಿದವಳಲ್ಲ. ಅಕ್ಕನಿಗೆ ಲೆಕ್ಕ ಕೂಡಲಿಲ್ಲ. ಮನೆಗೆ ಬಂದು ಒಂದು ಗಿಡದ ಬುಡ ಕೆದಕಿದಳು. ಒಂದು ಗುಂಡಿ ಸಿಕ್ಕಿತು. ಕಂದು ಬಣ್ಣದ ನಾಲ್ಕು ತೂತಿನ ಗುಂಡಿ, ಅದರಲ್ಲಿ ಇನ್ನೂ ಕೆಂಪು ದಾರದ ತುಣುಕು. ಅಮ್ಮನೇ! ಅವಳು ಮಣ್ಣಿಗೆ ಒತ್ತಿದ ಗುಂಡಿಯೇ! ಅಕ್ಕ ಅದನ್ನು ತೊಳೆದು ಇಸ್ತ್ರಿ ಮೇಜಿನ ಮೇಲಿಟ್ಟು, ಆ ಸಂಜೆಯೆಲ್ಲ ಅದರ ಸುತ್ತಲೇ ಇಸ್ತ್ರಿ ಮಾಡಿದಳು.

ಶುಕ್ರವಾರ ಸರ್ವೆಯವರು ಬಂದರು. ಊರಾಚೆಯ ಜಮೀನುಗಳನ್ನು ಅಳೆಯುತ್ತ ಅಲೆಯುವ ಅವರು ಹದಿನೈದು ದಿನಕ್ಕೊಮ್ಮೆ ಎಂಟು ಕೊಳಕು ಪ್ಯಾಂಟು ತಂದು ಸುರಿಯುವ ಹಳೆಯ ಗಿರಾಕಿ. ಮೇಜಿನ ಮೇಲೆ ಕಣ್ಣು ಹಾಯಿಸಿದವರೇ, "ಅರೆ, ನನ್ನ ಗುಂಡಿ! ವರ್ಷದಿಂದ ಆ ಪ್ಯಾಂಟಿಗೆ ಪಿನ್ನು ಚುಚ್ಚಿಕೊಂಡು ಓಡಾಡ್ತಿದೀನಿ" ಎಂದರು.

"ನಿಮ್ಮದು ಅಂತ ಹೇಗೆ ಹೇಳ್ತೀರಿ?"

"ಕೆಂಪು ದಾರ ನೋಡಿ. ಕಪ್ಪು ಮುಗಿದಿದೆ ಅಂತ ನಿಮ್ಮಮ್ಮನೇ ಕೆಂಪಲ್ಲಿ ಹಾಕಿಕೊಟ್ಟಿದ್ರು. ಆಫೀಸಲ್ಲೆಲ್ಲ ನಗ್ತಿದ್ರು."

ಹಾಗಾದರೆ ಗುಂಡಿ ಅಮ್ಮ ಒತ್ತಿದ್ದೋ, ಪ್ಯಾಂಟಿನಿಂದ ಬಿದ್ದದ್ದೋ? ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಗುಂಡಿಯನ್ನು ಅವರ ಕೈಗಿಟ್ಟಳು. ಕೊಟ್ಟಮೇಲೆ ಕೊಡಬಾರದಿತ್ತು ಅನ್ನಿಸಿತು.

ತಲೆ ಚಿಟ್ಟು ಹಿಡಿದರೆ ಅವಳಿಗೆ ಒಗೆತವೇ ಮದ್ದು. ಆಗಲೇ ಎಂಟೂ ಪ್ಯಾಂಟು ಒಗೆದು, ಬುಟ್ಟಿ ಹೊತ್ತು ಹೊಸ ಹಗ್ಗದ ಬಳಿಗೆ ಹೋದಳು. ಸೊಂಟದ ಕಡೆ ಕ್ಲಿಪ್ಪು ಹಾಕಿ, ಕಾಲು ಕೆಳಕ್ಕೆ ಬಿಟ್ಟು, ಗೇಣು ಮತ್ತು ನಾಲ್ಕು ಬೆರಳು ಜಾಗ ಬಿಟ್ಟು ಇನ್ನೊಂದು. ನಡುವೆ ಗಾಳಿಯಾಡಬೇಕು. ಚಿಕ್ಕಂದಿನಲ್ಲಿ ಅಮ್ಮ ಹೇಳಿಕೊಟ್ಟದ್ದು. ಮೂರನೆಯದರ ಮಡಿಸಿದ ಕಾಲಂಚಿನಿಂದ ನೀರಿನ ಜೊತೆ ಏನೋ ಉದುರಿತು. ಕೂದಲಿನಂಥ ಜುಟ್ಟಿರುವ ಕರಿಯ ಬೀಜ. ಬಗ್ಗಿ ನೋಡಿದಳು. ಗೋಡೆಯ ಬುಡದಲ್ಲಿ, ಹೊಸ ಹಗ್ಗದ ನೇರ ಕೆಳಗೆ, ಅದೇ ಎಲೆಯ ಪುಟಾಣಿ ಸಸಿಗಳು. ಪ್ರತಿ ಪ್ಯಾಂಟಿನ ಕೆಳಗೂ ಎರಡು. ಕಾಲಿಗೊಂದು.

ಅಮ್ಮ ಹೋಗಿ ಒಂಬತ್ತು ತಿಂಗಳು. ಈ ಹಗ್ಗಕ್ಕೆ ಒಂದೂವರೆ. ನಡುವಿನ ಸಾಲು ಇದ್ದದ್ದೂ ಹಳೆಯ ಹಗ್ಗದ ನೇರ ಕೆಳಗೇ.

ಅಕ್ಕ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತಳು. ಮೊದಲು ನಗು ಬಂತು. ಹದಿನೈದು ದಿನಕ್ಕೊಮ್ಮೆ, ಚಾಚೂ ತಪ್ಪದೆ, ಸರ್ವೆಯವರ ಪ್ಯಾಂಟಿನಲ್ಲಿ ಬಂದ ಊರಾಚೆಯ ಬಯಲನ್ನು ತಾನೇ ಹಿತ್ತಲಲ್ಲಿ ಬಿತ್ತಿದ್ದಳು! ಆಮೇಲೆ, ಅಮ್ಮ ತನಗೆಂದು ಏನನ್ನೂ ಇಟ್ಟು ಹೋಗಲಿಲ್ಲವಲ್ಲ ಅನ್ನಿಸಿತು. ನಗಬೇಕೋ ಅಳಬೇಕೋ ಗೊತ್ತಾಗದೆ ಉಳಿದ ಪ್ಯಾಂಟುಗಳನ್ನು ಒಣಹಾಕಿದಳು.

ಶನಿವಾರ ತಮ್ಮ ಬಾಗಿಲಲ್ಲೇ ಕೇಳಿದ. "ಏನಾಯ್ತು? ಅಮ್ಮ ಹಾಕಿದ್ದಾ?"

ಹೌದು ಎಂದರೆ ಮುಗಿಯುತ್ತಿತ್ತು. ನಾಲಿಗೆ ತುದಿಗೆ ಬಂದದ್ದೂ ಅದೇ.

"ಅಲ್ಲ. ನಾನು ಹಾಕಿದ್ದು."

"ಯಾವಾಗ?"

"ಗೊತ್ತಿಲ್ಲ. ಹಾಕಿದ್ದು ನನಗೇ ಗೊತ್ತಾಗಿಲ್ಲ." ಕರೆದೊಯ್ದು ಎರಡು ಸಾಲನ್ನೂ, ಹಗ್ಗವನ್ನೂ, ಒದ್ದೆ ಕಾಲಂಚುಗಳನ್ನೂ ತೋರಿಸಿದಳು. ತಮ್ಮ ಒಂದು ಸಾಲಿನಿಂದ ಇನ್ನೊಂದಕ್ಕೆ ಮೂರು ಬಾರಿ ನಡೆದ.

"ಅಷ್ಟೇ ತಾನೆ? ಹಾಗಿದ್ರೆ ನಾಳೆ ಸಿಮೆಂಟು" ಎಂದವನು ಯಾಕೋ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಗಿಡಗಳ ನಡುವೆ ತನ್ನ ಗೇಣಿಟ್ಟು ನೋಡಿದ. ಹೊಂದಲಿಲ್ಲ, ಅವನ ಕೈ ದೊಡ್ಡದು. ಅಕ್ಕನ ಕೈ ಹಿಡಿದೆಳೆದು ನೆಲದ ಮೇಲೆ ಹರಡಿ ಇಟ್ಟ. ಗೇಣು. ಪಕ್ಕದಲ್ಲಿ ನಾಲ್ಕು ಬೆರಳು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಇದು ಅಮ್ಮನ ಅಳತೆ ಅಲ್ವೇನೇ?"

"ಹೌದು."

"ಅಂದ್ರೆ ಇದು ಅಮ್ಮಂದಾ, ನಿಂದಾ?"

"ಅದೇ ನನಗೂ ತಿಳೀತಿಲ್ಲ ಕಣೋ."

ತಮ್ಮ ಅವಳ ಕೈಯನ್ನು ಬಿಡುವುದು ಮರೆತು ಇನ್ನೊಂದು ಕೈಯಲ್ಲಿ ಸಿಮೆಂಟಿನವನಿಗೆ ಫೋನು ಮಾಡಿದ. "ಅಣ್ಣ, ನಾಳೆ ಬರಬೇಡಿ... ಇಲ್ಲ, ಬೇರೆ ದಿನಾನೂ ಬೇಡ. ವ್ಯಾನು ಬೀದೀಲೇ ಇರುತ್ತೆ... ಯಾಕೆ ಅಂದ್ರೆ..." ಅಕ್ಕನ ಮುಖ ನೋಡಿದ. ಅವಳು ಹೂವಿನ ಮುಖ ನೋಡುತ್ತಿದ್ದಳು, ಅದಾಗಲೇ ನೀಲಿಗೆ ಹೊರಳುತ್ತಿತ್ತು.

"ಯಾಕೆ ಅಂದ್ರೆ, ಏನು ಹೇಳ್ಲಿ ನಿಮಗೆ" ಎಂದ ತಮ್ಮ.

ಸೋಮವಾರ ಒಗೆದ ಬಟ್ಟೆಗಳ ಬುಟ್ಟಿ ತಂದ ಅಕ್ಕ, ಕ್ಲಿಪ್ಪು ಹಿಡಿದು ಹಗ್ಗದ ಮುಂದೆ ಬಹಳ ಹೊತ್ತು ನಿಂತಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಮೊದಲನೆಯದನ್ನು ಎಲ್ಲಿ ಹಾಕಬೇಕೆಂದು ಯೋಚಿಸಬೇಕಾಗಿ ಬಂದಿತ್ತು.